ಎಆರ್-ಸಿ155858 ಅಂದರೆ ಏನು? ಅದು ರೋಗನಿರೋಧಕ ಕೋಶಗಳನ್ನು ಹೇಗೆ ತಡೆಯುತ್ತದೆ?

ಇದು ಔಷಧಿ ಅಂಗಡಿಯಲ್ಲಿ ಸಿಗುವ ಮಾತ್ರೆ ಅಲ್ಲ, ಪ್ರಯೋಗಾಲಯದಲ್ಲಿ ಬಳಸುವ ರಾಸಾಯನಿಕ. ಹೆಸರು ಗಾಡಿ ನಂಬರ್ ಇದ್ದ ಹಾಗಿದೆ, ಅಲ್ವಾ?

ನಮ್ಮ ರೋಗನಿರೋಧಕ ಕೋಶಗಳಲ್ಲಿ ಒಂದಾದ ಟಿ ಕೋಶ ಸುಮ್ನೆ ಇರುವಾಗ ಅದಕ್ಕೆ ಹೆಚ್ಚು ಇಂಧನ ಬೇಡ. ವೈರಿ ಕಂಡ ಮೇಲೆ ಕಥೆಯೇ ಬೇರೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಭರಭರನೆ ಒಡೆಯುತ್ತದೆ. ಆಗ ಗ್ಲೂಕೋಸ್ ಸಿಕ್ಕಾಪಟ್ಟೆ ಉರಿಯುತ್ತದೆ. ಆಮ್ಲಜನಕ ಇದ್ದರೂ ಅದರಲ್ಲಿ ಹೆಚ್ಚಿನ ಪಾಲು ಲ್ಯಾಕ್ಟೇಟ್ ಎಂಬ ವಸ್ತು ಆಗುತ್ತದೆ. ಈ ಲ್ಯಾಕ್ಟೇಟನ್ನು ಕೋಶ ಹೊರಗೆ ಹಾಕಲೇಬೇಕು.

ಹೊರಹೋಗುವ ಬಾಗಿಲು ಎಂಸಿಟಿ1 ಎಂಬ ಪ್ರೋಟೀನ್. ಒಂದು ಲ್ಯಾಕ್ಟೇಟ್ ದಾಟುವಾಗ ಒಂದು ಪ್ರೋಟಾನ್ ಕೂಡ ಜೊತೆಗೆ ದಾಟುತ್ತದೆ. ಎಆರ್-ಸಿ155858 ಈ ಬಾಗಿಲಿಗೆ ಬೀಗ ಹಾಕುತ್ತದೆ. ಕೆಲವು ನ್ಯಾನೊಮೋಲಾರ್, ಅಂದರೆ ತೀರಾ ಕಡಿಮೆ ಪ್ರಮಾಣ, ಇದ್ದರೂ ಸಾಕು. ಲ್ಯಾಕ್ಟೇಟ್ ಒಳಗೇ ತುಂಬಿಕೊಳ್ಳುತ್ತದೆ, ಗ್ಲೂಕೋಸ್ ಒಡೆಯುವ ಕೆಲಸ ಕುಂಟುತ್ತದೆ, ಕೋಶ ವಿಭಜನೆ ನಿಲ್ಲುತ್ತದೆ.

ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಈ ಜಾತಿಯ ರಾಸಾಯನಿಕಗಳು ಟಿ ಕೋಶಗಳನ್ನು ತಡೆಯುತ್ತವೆ ಅನ್ನುವುದು ಮೊದಲು ಗೊತ್ತಾಯಿತು. ಅವು ಹಿಡಿಯುವುದು ಎಂಸಿಟಿ1 ಅನ್ನು ಎಂಬುದು ಆಮೇಲೆ ತಿಳಿಯಿತು. 2005ರಲ್ಲಿ ಅದು ಪ್ರಕಟವಾಯಿತು. ಅಂದರೆ ಬೀಗ ಮೊದಲು ಸಿಕ್ಕಿತು, ಬಾಗಿಲು ಆಮೇಲೆ!

ಎಂಸಿಟಿ1ರ ಹಾಗೆಯೇ ಎಂಸಿಟಿ2, ಎಂಸಿಟಿ4 ಎಂಬ ಬಾಗಿಲುಗಳೂ ಇವೆ. ಎಆರ್-ಸಿ155858 ಎಂಸಿಟಿ2ಕ್ಕೂ ತಟ್ಟುತ್ತದೆ, ಆದರೆ ಎಂಸಿಟಿ4 ಅನ್ನು ಮುಟ್ಟುವುದಿಲ್ಲ. ಹಾಗಾಗಿ ಎಂಸಿಟಿ4 ಜಾಸ್ತಿ ಇರುವ ಕೋಶ ಹಿಂಬಾಗಿಲಿನಿಂದ ಲ್ಯಾಕ್ಟೇಟ್ ಸಾಗಿಸಿ ಬಚಾವಾಗುತ್ತದೆ. ಇದರ ಹತ್ತಿರದ ಸಂಬಂಧಿ ಎಝಡ್‌ಡಿ3965 ಅನ್ನು ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. ಗಡ್ಡೆಯ ಕೋಶಗಳಿಗೂ ಇದೇ ಲ್ಯಾಕ್ಟೇಟ್ ತಲೆನೋವು.