ವರ್ಷದ ತಿಥಿ ಮುಂಬಯಿಯಲ್ಲೇ ಮಾಡಬಹುದಾ ಅಂತ ಕೇಳಿದ ಸೋದರಿಗೆ

ಸೋದರಿ, ಯಜಮಾನರ ಮೊದಲ ವರ್ಷದ ತಿಥಿಗೆ ಊರಿಗೆ ಹೋಗಲಾಗುತ್ತಿಲ್ಲ, ಇಲ್ಲೇ ಮಾಡಿದರೆ ನಡೆಯುತ್ತಾ, ಬಂದವರೆದುರು ಏನು ಮಾತಾಡಲಿ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಿ. ವಾಲ್ಕೇಶ್ವರದ ಬಾಣಗಂಗಾ ಕೊಳದ ದಡದಲ್ಲಿ ಪಿತೃಕಾರ್ಯ ನಡೆಯುತ್ತದೆ. ತಿಥಿ ಪಂಚಾಂಗದಂತೆ ಬರಲಿ, ಗೆಳೆಯರನ್ನು ಭಾನುವಾರ ಕರೆಯಿರಿ.

ಮಾತು ಬರೆದಿಟ್ಟುಕೊಳ್ಳಬೇಡಿ. ನನ್ನ ತಮ್ಮ 34ಕ್ಕೇ ಹೋದ. ಅವನ ವರ್ಷದ ತಿಥಿಗೆ ಎಲ್ಲ ಸೇರಿದ ದಿನ ಅವನ ಹೆಂಡತಿ ಹೇಳಿದ್ದು ಇಷ್ಟೇ: ಎಷ್ಟೇ ತಡವಾಗಿ ಕಲ್ಯಾಣ್ ಲೋಕಲ್ ರೈಲು ಇಳಿದರೂ ಮೊಗ್ರಾ ಗಜರಾ, ಅಂದರೆ ಮಲ್ಲಿಗೆ ದಂಡೆ ತರುತ್ತಿದ್ದ, ಗರ್ದಿಯಲ್ಲಿ ನಲುಗದ ಹಾಗೆ ಖಾಲಿ ಟಿಫಿನ್ ಡಬ್ಬಿಯೊಳಗಿಟ್ಟು. ಬೆಳಗ್ಗೆ ಡಬ್ಬಿ ತೊಳೆದರೂ ಘಮ ಹೋಗುತ್ತಿರಲಿಲ್ಲವಂತೆ. ಅವನ ಗೆಳೆಯರೆಲ್ಲ ಬಿಕ್ಕಿ ಅತ್ತರು. ನಾನು ಹುಟ್ಟಿನಿಂದ ಕಂಡ ಹುಡುಗ. ಗಂಡನಾಗಿ ಹೇಗಿದ್ದ ಅಂತ ಗೊತ್ತಾದದ್ದು ಅವತ್ತೇ. ಹಾಗೇ ಯಜಮಾನರನ್ನು ಒಡಹುಟ್ಟಿದವರಾಗಿ ಕಂಡ ನಿಮ್ಮ ನಾದಿನಿಗೂ ಮಾತಾಡಲು ಹೇಳಿ, ತಾಯಿ.