ಪರ್ಸೆಂಟ್ ಬಿಡಿ, ರಕ್ತ ಎಷ್ಟು ದಾಟ್ತಿದೆ ಅಂತ ಕೇಳಿ

ಪ್ರಶ್ನೆ: ಮೇಡಂ, ಅಪ್ಪಂಗೆ 62 ವರ್ಷ. ಸಿಟಿ ಆಂಜಿಯೋದಲ್ಲಿ 70% ಬ್ಲಾಕ್ ಅಂತ ಬಂತು, ಅದೇ ಸ್ಕ್ಯಾನ್‌ನಿಂದ ಕಂಪ್ಯೂಟರಲ್ಲಿ ಲೆಕ್ಕ ಮಾಡಿದ್ರೆ ಎಫ್‌ಎಫ್‌ಆರ್ (ಬ್ಲಾಕ್ ದಾಟಿದ ಮೇಲೆ ರಕ್ತದ ಒತ್ತಡ ಎಷ್ಟು ಪಾಲು ಉಳೀತು ಅನ್ನೋ ಅಳತೆ) 0.84 ಅಂತೆ, ಸ್ಟೆಂಟ್ ಬೇಡ ಅಂದ್ರು. ಯಾವುದನ್ನ ನಂಬೋದು?

ಉತ್ತರ: ಇದೇ ಪ್ರಶ್ನೆ ಎಷ್ಟು ಸಲ ಬಂತೋ ಲೆಕ್ಕ ಇಟ್ಟಿಲ್ಲ, ಎಲ್ರೂ ಪರ್ಸೆಂಟ್ ಹಿಡ್ಕೊಂಡೇ ಹೆದರ್ತೀರಿ. 70% ಅಂದ್ರೆ ನಾಳ ಎಷ್ಟು ಕಿರಿದಾಗಿದೆ ಅನ್ನೋದಷ್ಟೇ, ಅದರಾಚೆ ಎಷ್ಟು ಹೃದಯದ ಸ್ನಾಯು ರಕ್ತಕ್ಕೆ ಕಾಯ್ತಿದೆ ಅನ್ನೋದು ಅದ್ರಲ್ಲಿಲ್ಲ. ದೊಡ್ಡ ನಾಳದ ಬುಡದಲ್ಲಿರೋ 60%, ಸಣ್ಣ ಕವಲಿನ 70%ಗಿಂತ ಕೆಟ್ಟದ್ದಿರಬಹುದು. ರಕ್ತ ಜೋರಾಗಿ ಹರಿಯೋವಾಗ ಮಹಾಧಮನಿಯಲ್ಲಿ ಒತ್ತಡ 100 ಇದ್ದು ಬ್ಲಾಕ್ ದಾಟಿದ ಮೇಲೆ 84 ಉಳಿದ್ರೆ ಅದೇ 0.84. 0.80 ಅಥವಾ ಅದಕ್ಕಿಂತ ಕಮ್ಮಿ ಆದ್ರೆ ಸ್ಟೆಂಟ್ ಮಾತು. ನಾಳದೊಳಗೆ ವೈರ್ ತೂರಿಸಿ ಇದನ್ನ ಅಳೆದು ನೋಡಿದ್ದು 2009ರ ಫೇಮ್ ಅನ್ನೋ ಅಧ್ಯಯನ, 1005 ಜನ, ಅಳೆದು ಹಾಕಿದ ಗುಂಪಿಗೆ ಸ್ಟೆಂಟೂ ಕಮ್ಮಿ ಬಿತ್ತು, ಒಂದು ವರ್ಷದಲ್ಲಿ ತೊಂದರೆನೂ ಕಮ್ಮಿ ಆಯ್ತು.

ಕಂಪ್ಯೂಟರ್ ಲೆಕ್ಕದಲ್ಲಿ ವೈರ್ ಇಲ್ಲ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದ್ರೆ ಅದು ಚಿತ್ರದಿಂದ ಹುಟ್ಟಿದ ನಂಬರ್, ಚಿತ್ರ ಕೆಟ್ರೆ ನಂಬರೂ ಕೆಡುತ್ತೆ. 3 ಮಿಲಿಮೀಟರ್ ನಾಳ ಅರ್ಧ ಮುಚ್ಚಿದ್ರೆ ಉಳಿಯೋದು ಒಂದೂವರೆ, ಸ್ಕ್ಯಾನಿನ ಒಂದು ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್, ಅಂದ್ರೆ ಇಡೀ ಕಿಂಡಿ ನನ್ನ ಸ್ಕ್ರೀನಲ್ಲಿ ಮೂರೇ ಚುಕ್ಕಿ! ಪಕ್ಕದಲ್ಲಿ ಕ್ಯಾಲ್ಸಿಯಂ ಇದ್ರೆ ಅದು ಬೆಳ್ಳಗೆ ಉಬ್ಬಿ ಅಂಚನ್ನೇ ನುಂಗುತ್ತೆ. ತ್ರಿಜ್ಯ ಕಮ್ಮಿ ಆದಂಗೆ ರಕ್ತಕ್ಕೆ ಅಡ್ಡಿ ಅದರ ನಾಲ್ಕನೇ ಘಾತದಲ್ಲಿ ಏರುತ್ತೆ, ಹಂಗಾಗಿ ಕಂಪ್ಯೂಟರಲ್ಲಿ ನಾಳದ ಅಂಚಿಗೆ ಗೆರೆ ಎಳೆಯೋವಾಗ ತ್ರಿಜ್ಯ 10% ಕಮ್ಮಿ ಹಿಡಿದ್ರೆ ಅಲ್ಲಿನ ಅಡ್ಡಿ ಒಂದೂವರೆ ಪಟ್ಟು ಆಗೋಗುತ್ತೆ. ಒಂದೊಂದು ಕೇಸಲ್ಲಿ ಆ ಗೆರೆ ಹತ್ರ ಗಂಟೆಗಟ್ಟಲೆ ಕೂತಿದೀನಿ.

ಅದಕ್ಕೇ ಡಾಕ್ಟರ್ ಹತ್ರ ಕೇಳಬೇಕಾದ್ದು, ಸ್ಕ್ಯಾನ್ ಕ್ಲೀನಾಗಿ ಬಂದಿದ್ಯಾ, ಕ್ಯಾಲ್ಸಿಯಂ ಜಾಸ್ತಿ ಇದ್ಯಾ, ಆ ನಾಳದಲ್ಲಿ ಹಳೇ ಸ್ಟೆಂಟ್ ಇದ್ಯಾ. ಚಿತ್ರ ಚೆನ್ನಾಗಿದ್ದು, ಔಷಧಿಗೆ ಎದೆನೋವೂ ಹತೋಟಿಯಲ್ಲಿದ್ರೆ 0.84ಕ್ಕೆ ನಾನಾದ್ರೆ ಸ್ಟೆಂಟ್‌ಗೆ ಅವಸರ ಮಾಡಲ್ಲ. 0.78, 0.81 ಥರ ಗಡಿಯಲ್ಲಿದ್ರೆ ವೈರ್ ಹಾಕಿ ಅಳೆಸಿ ಅಂತೀನಿ, ಇದ್ರಲ್ಲಿ ನಾನು ಸ್ವಲ್ಪ ಪುಕ್ಕಲೇ. ಆದ್ರೆ ಸ್ಟೆಂಟ್ ಬೇಡ ಅಂದ್ರೆ ಮಾತ್ರೆ ಬೇಡ ಅಂತಲ್ಲ. ಕೊಬ್ಬಿನ ಗಡ್ಡೆ ಯಾವಾಗ ಒಡೆಯುತ್ತೆ ಅಂತ ಈ ನಂಬರ್ ಹೇಳಲ್ಲ, ಸಣ್ಣ ಬ್ಲಾಕೂ ಒಡೆದು ಹಾರ್ಟ್ ಅಟ್ಯಾಕ್ ಆಗುತ್ತೆ. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬಿಡಿಸ್ಬೇಡಿ.

ಪ್ರಶ್ನೆ: ಬೆಳ್ಳುಳ್ಳಿ, ನಿಂಬೆರಸ, ಜೇನು ಕುದಿಸಿ ಕುಡಿದ್ರೆ ಬ್ಲಾಕ್ ಕರಗುತ್ತಂತಲ್ಲ?

ಉತ್ತರ: ಕರಗಲ್ಲ. ಇದನ್ನ ನಂಬಿಸಿ ಮಾತ್ರೆ ಬಿಡಿಸೋರು ಜೀವ ತೆಗೀತಿದಾರೆ.

ಪ್ರಶ್ನೆ: ಏನೂ ತೊಂದರೆ ಇಲ್ಲ, ಸುಮ್ನೆ ಚೆಕಪ್‌ಗೆ ಈ ಸ್ಕ್ಯಾನ್ ಮಾಡಿಸ್ಲಾ?

ಉತ್ತರ: ಬೇಡ. ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಬೀಡಿ ಸಿಗರೇಟ್ ಬಿಡಿ.

ಪ್ರಶ್ನೆ: ಎದೆ ಹಿಂಡ್ತಿದೆ, ಬೆವರ್ತಿದೀನಿ, ಮೊದ್ಲು ಈ ಟೆಸ್ಟ್ ಮಾಡಿಸ್ಲಾ?

ಉತ್ತರ: ನಂಗೆ ಬರೀತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ, ಈಗಲೇ.