ಅಟ್ಲಾಂಟಾದಿಂದ ಒಂದು ಜಗಳ

ಪ್ರಶ್ನೆ: ಇಲ್ಲಿ ಆಫೀಸಲ್ಲಿ ಲೋಕಲ್ ಒಬ್ರು 1861ರ ಅಮೆರಿಕದ ಸಿವಿಲ್ ವಾರ್ (ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಯುದ್ಧ) ರಾಜ್ಯಗಳ ಹಕ್ಕಿಗೋಸ್ಕರ ಆಗಿದ್ದು ಅಂತಾರೆ, ಬಾಸ್ಟನ್ನಿಂದ ಬಂದೋರು ಗುಲಾಮಗಿರಿಗೆ ಅಂತಾರೆ, ಜೊತೆಗೆ ದಕ್ಷಿಣದೋರು ದಡ್ಡರು ಅಂತ ನಗ್ತಾರೆ. ಯಾರದ್ದು ಸರಿ ಸಾರ್?

ಉತ್ತರ: ಕಾರಣದ ವಿಷ್ಯದಲ್ಲಿ ಬಾಸ್ಟನ್ನೋರೇ ಸರಿ ಕಣ್ರೀ, ಯಾಕಂದ್ರೆ ದಕ್ಷಿಣದ ಮಿಸಿಸಿಪ್ಪಿ ರಾಜ್ಯ ದೇಶದಿಂದ ಬೇರೆ ಆಗೋವಾಗ ತಾನೇ ಬರ್ಕೊಟ್ಟ ಕಾರಣಪತ್ರದಲ್ಲಿ ಶುರುವಲ್ಲೇ ಗುಲಾಮಗಿರಿ ಮಾತು ಬರತ್ತೆ, ಇನ್ನು ಸೌತ್ ಕೆರೊಲಿನಾದ ದೂರು ಏನು ಗೊತ್ತಾ, ಓಡಿಹೋದ ಗುಲಾಮರನ್ನ ಉತ್ತರದ ರಾಜ್ಯಗಳು ವಾಪಸ್ ಕೊಡ್ತಿಲ್ಲ ಅಂತ! ಅಂದ್ರೆ ಉತ್ತರದ ರಾಜ್ಯಗಳ ಹಕ್ಕು ಮಾತ್ರ ಬೇಡ್ವಂತೆ. ಆಮದು ಸುಂಕದ ಜಗಳಾನೂ ಇತ್ತು, ಆದ್ರೆ ಚಿಕ್ಕದು. ಹಾಗಂತ ನಗೋದ್ಯಾಕೆ? ಗುಲಾಮರು ಬೆಳೆದ ಹತ್ತೀಲೇ ಬಾಸ್ಟನ್ ಪಕ್ಕದ ಮಿಲ್ಲುಗಳು ನಡೀತಿದ್ವು, 1863ರಲ್ಲಿ ನ್ಯೂಯಾರ್ಕಲ್ಲೇ ಕಪ್ಪುಜನರ ಮೇಲೆ ದಂಗೆ ಆಯ್ತು. ಅಲ್ಲದೆ ದಕ್ಷಿಣದೋರು ಅಂದ್ರೆ ಬರೀ ಬಿಳಿಯರಾ? ಆಗಿನ ಸುಮಾರು 40 ಲಕ್ಷ ಗುಲಾಮರೂ ಹೆಚ್ಚುಕಮ್ಮಿ ಎಲ್ಲಾ ಅಲ್ಲಿನೋರೇ.